ಆಯಿಯ ನಡಿಗೆ, ಖಾನಾಪುರದ ಪುಡಿ

ತಪ್ಪು ನನ್ನದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಯುವವರಿಗೆ ಕೊನೆಯವರೆಗೂ ಕಾಯುವ ತೊಂದರೆ ಬೇಡ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಾಲೆಳೆದು ನಡೆಯುವುದನ್ನು ನಾನು ಪೀರನವಾಡಿಯ ನಮ್ಮ ಗಲ್ಲಿಯ ಗಣಪತಿ ಮಂಟಪದ ಮುಂದೆ ನಕಲಿ ಮಾಡಿ ತೋರಿಸಿದೆ. ಇಡೀ ಗಲ್ಲಿ ನೋಡುತ್ತಿತ್ತು. ಆಯಿ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ಚಪ್ಪಾಳೆಯೋ ಚಪ್ಪಾಳೆ. ಮರುದಿನ ಬೆಳಿಗ್ಗೆ ಆಕೆ ನನ್ನನ್ನು ಹತ್ತಿರ ಕರೆದು, “ಬಸೂ, ಈ ಸಲ ನೋವಿನ ಪುಡಿ ಎರಡು ಪಟ್ಟು ತಾ. ನಿಮ್ಮವ್ವಗ ಹೇಳಬ್ಯಾಡ” ಅಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟು ತಂದುಕೊಟ್ಟೆ. ಎಂಟು ತಿಂಗಳಿಗೆ ಆಕೆಯ ಸೊಂಟದ ಕೀಲಿನ ಎಲುಬು ಮುರಿಯಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು ಇದು. ನನಗೆ ಆಗ ಇಪ್ಪತ್ತೊಂದು. ಬೆಳಗಾವಿಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಎರಡನೆಯ ವರ್ಷದ ಒಂದು ವಿಷಯ ನನಗಾಗಿ ಇನ್ನೂ ಕಾಯುತ್ತಿತ್ತು. ನೆಟ್ಟಗೆ ಬರುತ್ತಿದ್ದ ವಿದ್ಯೆ ನಕಲಿ ಒಂದೇ. ಬಸ್ ಕಂಡಕ್ಟರ್ ‘ಖಾನಾಪುರ’ ಎಂಬುದನ್ನು ಮೂಗಿನಿಂದ ಎಷ್ಟುದ್ದ ಎಳೆಯುತ್ತಾನೆ, ದಿನವಿಡೀ ಫೌಂಡ್ರಿಯ ಸದ್ದಿನಲ್ಲಿ ನಿಂತು ಬಂದ ಅಪ್ಪ ಮನೆಯಲ್ಲಿ ನೀರು ಕೇಳಿದರೂ ಹೇಗೆ ಜಗಳಕ್ಕೆ ಬಂದಂತೆ ಕೇಳುತ್ತದೆ, ಅವ್ವ ಪಕ್ಕದ ಮನೆಯವರೊಡನೆ ಮರಾಠಿಯಲ್ಲಿ ವಾದ ಶುರುಮಾಡಿ ಸೋಲುತ್ತಿದ್ದಂತೆ ಹೇಗೆ ಕನ್ನಡಕ್ಕೆ ಹೊರಳುತ್ತಾಳೆ, ಎಲ್ಲ ನನ್ನ ಗಂಟಲಲ್ಲಿ ಇತ್ತು. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಆಯಿಯ ನಡಿಗೆಯನ್ನು. ಚಿಕ್ಕವನಿದ್ದಾಗ ಆಕೆ ಅಂಗಳದಲ್ಲಿ ಎದುರಿಗೆ ಬರುತ್ತಿದ್ದರೆ ನಾನು ಆಕೆಯ ಮುಖ ನೋಡುತ್ತ ಹಿಂದೆ ಹಿಂದೆ ಸರಿದು ಕಲಿತದ್ದು ಅದು. ಬಲಗಾಲನ್ನು ಒಂದು ಗೇಣು ಎಳೆಯಬೇಕು, ನಿಲ್ಲಬೇಕು, “ಶಿವನೇ” ಅನ್ನಬೇಕು, ಮತ್ತೆ ಎಳೆಯಬೇಕು. ಆಯಿಯೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆಕೆಗೆ ಕೀಲುಗಳ ಬಾವು ಶುರುವಾಗಿ ಹತ್ತು ವರ್ಷ ಆಗಿತ್ತು. ಬೆರಳು, ಮುಂಗೈ, ಮೊಣಕಾಲು ಒಂದೊಂದಾಗಿ ಊದಿಕೊಂಡವು, ಕೆಂಪಾದವು, ಮುಟ್ಟಿದರೆ ಬೆಚ್ಚಗೆ. ಮುಂಜಾನೆ ಅಂಗೈ ಬಿಚ್ಚಲು ಬರುತ್ತಿರಲಿಲ್ಲ. ನಮ್ಮಲ್ಲಿ ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಆಯಿ ಅದಕ್ಕಾಗಿ ಬೋಗುಣಿಯಲ್ಲಿ ಬಿಸಿನೀರು ಹಾಕಿಸಿಕೊಂಡು ಅರ್ಧ ತಾಸು ಕೈ ಅದ್ದಿ ಕೂರಬೇಕಿತ್ತು. “ದೇವ್ರಿಗಿಂತ ಮೊದಲ ನನ್ನ ಕೈಗೆ ಸ್ನಾನ” ಅನ್ನುತ್ತಿದ್ದಳು. ವಯಸ್ಸಾತು, ವಾತ, ಎಲ್ಲರಿಗೂ ಬರೂದ ಎಂದು ಮನೆಯಲ್ಲಿ ಎಲ್ಲರೂ ಮುಗಿಸಿಬಿಟ್ಟಿದ್ದೆವು. ನೋವು ಒಬ್ಬರದಾದರೆ ಉಳಿದವರಿಗೆ ಸಮಾಧಾನ ಬಹಳ ಬೇಗ ಬರುತ್ತದೆ.

ಅಂಥದರಲ್ಲಿ ಖಾನಾಪುರದ ಸಂತೆಯ ಪುಡಿ ಸಿಕ್ಕಿತು. ಎರಡೇ ದಿನದಲ್ಲಿ ಬಾವು ಇಳಿದು ಆಯಿ ರೊಟ್ಟಿ ಬಡಿಯಲು ಕುಳಿತಳು. ತಿಂಗಳೊಪ್ಪತ್ತಿನಲ್ಲಿ ಮುಖ ದುಂಡಗಾಯಿತು. “ನೀಲವ್ವ ಮೈಕೈ ತುಂಬಿಕೊಂಡಾಳ” ಎಂದು ಗಲ್ಲಿಯ ಹೆಂಗಸರು ಹೊಗಳಿದರು. ತೋಳಿನ ಮೇಲೆ ಸುಮ್ಮಸುಮ್ಮನೆ ನೀಲಿ ಕಲೆ ಬೀಳುತ್ತಿದ್ದವು. ಅವನ್ನು ಯಾರೂ ಹೊಗಳಲಿಲ್ಲ, ಕೇಳಲೂ ಇಲ್ಲ. ಅವ್ವನಿಗೆ ಮಾತ್ರ ಅನುಮಾನ. ಇಷ್ಟು ಲಗೂ ಇಳಿಯೂ ಔಷಧ ನೆಟ್ಟಗಿನದಲ್ಲ ಎಂದು ಜಗಳ ಮಾಡಿ ಬಿಡಿಸಿದಳು. ಅಂದರೆ ಬಿಡಿಸಿದೆ ಎಂದುಕೊಂಡಳು. ನಾನು ಸಂತೆಯ ದಿನ ‘ಗೆಳೆಯನ ಮನಿಗೆ’ ಹೋಗುತ್ತಿದ್ದೆನಲ್ಲ, ಆ ಗೆಳೆಯ ಖಾನಾಪುರ ಬಸ್ ಸ್ಟ್ಯಾಂಡಿನ ಬಾಜೂ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದ.

ಗಣಪತಿ ಮಂಟಪದ ಆ ಸಂಜೆಯ ನಂತರ ಪುಡಿ ಎರಡು ಪಟ್ಟಾಯಿತು, ನಡಿಗೆ ನೆಟ್ಟಗಾಯಿತು. ನನ್ನ ಅತ್ಯುತ್ತಮ ಐಟಂ ಕೈಬಿಟ್ಟಿತು. “ಆಯಿ, ನೀ ಹಿಂಗ ನೆಟ್ಟಗ ನಡದ್ರ ಕಲಾವಿದರ ಹೊಟ್ಟಿ ಹೆಂಗ ತುಂಬಬೇಕು?” ಎಂದು ಕೇಳಿದ್ದೆ. ಆಕೆ ನಕ್ಕಿರಲಿಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಬೇಸಿಗೆಯ ಒಂದು ಮುಂಜಾನೆ ನಾನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದೆ. ಆಯಿ ಪೂಜೆಗೆ ಕಣಗಲ ಹೂ ಹರಿದುಕೊಂಡು ಮನೆಯ ಕಡೆ ಹೊರಳಿದಳು. ಹೊರಳಿದ್ದಷ್ಟೇ. ಶೇಂಗಾ ಒಡೆದಷ್ಟು ಸಣ್ಣ ಸದ್ದು. ಆಮೇಲೆ ದಣಿವಾದವರಂತೆ ಮೆಲ್ಲಗೆ ಕೆಳಗೆ ಕುಳಿತಳು, ಒರಗಿದಳು. ಬಿದ್ದು ಮುರಿಯಿತೋ, ಮುರಿದು ಬಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೂವಿನ ಬುಟ್ಟಿ ಕೈಯಲ್ಲೇ ಇತ್ತು, ಒಂದು ಹೂವೂ ಚೆಲ್ಲಿರಲಿಲ್ಲ. ನಾನು ಬಾಯಿತುಂಬ ನೊರೆ ಇಟ್ಟುಕೊಂಡು ನಕ್ಕೆ.

“ಏನಾಯಿ, ಈಗ ನೀ ನನ್ನ ನಕಲಿ ಮಾಡಾಕತ್ತೇನು?”

“ಬಸೂ,” ಎಂದಳು ಆಕೆ, ಬಹಳ ಸಣ್ಣ ದನಿಯಲ್ಲಿ. “ನನ್ನ ಕಾಲು ಎಲ್ಲೈತಿ ನೋಡೋ.”

ಎಡಗಾಲಿನ ಪಾದ ಹೊರಗಡೆ ಹೊರಳಿ ಮಲಗಿತ್ತು. ಬೇರೆ ಯಾರದೋ ಕಾಲನ್ನು ಆಕೆಯ ಸೀರೆಯೊಳಗೆ ಇಟ್ಟಂತೆ.

ಗಲ್ಲಿ ನೆರೆಯಿತು. ಎಲುಬು ಕಟ್ಟುವವನ ಹತ್ತಿರ ಒಯ್ಯಿರಿ ಎಂದು ಅರ್ಧ ಮಂದಿ. ಅಪ್ಪ ಆ ಕಡೆಗೆ ವಾಲುತ್ತಿದ್ದ. ಅವ್ವ ಬಾಗಿಲಲ್ಲಿ ನಿಂತು, “ಟೊಂಕದ ಎಲುಬು ಕಟ್ಟಿಸ್ಕೊಂಡು ಮಲಗಿದವ್ರು ಎದ್ದದ್ದು ಯಾರರ ನೋಡೀರೇನು? ಟ್ರ್ಯಾಕ್ಸ್ ಗಾಡಿ ಕರೀರಿ” ಅಂದಳು. ಮಲಗಿಸಿದ ಹೊರಸಿನ ಸಮೇತ ಎತ್ತಿ ಬೆಳಗಾವಿಯ ಆಸ್ಪತ್ರೆಗೆ ಒಯ್ದೆವು. ರಸ್ತೆಯ ಪ್ರತಿ ತಗ್ಗಿಗೂ ಆಯಿ “ಶಿವನೇ” ಅನ್ನುತ್ತಿದ್ದಳು. ನನ್ನ ‘ಶಿವನೇ’ಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಎಲುಬಿನ ಡಾಕ್ಟರು ಪ್ರತಿ ಮಾತಿಗೂ ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳುವವರು. ಬೇರೆ ದಿನವಾಗಿದ್ದರೆ ಐದು ನಿಮಿಷದಲ್ಲಿ ಅವರು ನನ್ನ ಪಟ್ಟಿ ಸೇರುತ್ತಿದ್ದರು.

“ಎಷ್ಟು ಎತ್ತರದಿಂದ ಬಿದ್ರು?”

“ಎತ್ತರ ಇಲ್ರಿ ಸರ್, ನಿಂತಲ್ಲೇ” ಅಂದೆ.

“ನಿಂತಲ್ಲೇ ಮುರಿಯೂ ಎಲುಬು ಇವತ್ತ ಕೆಟ್ಟದ್ದಲ್ಲ ತಮ್ಮಾ. ಮೊದಲ ಹೆಂಗ ನಡೀತಿದ್ರು?”

ಅಪ್ಪ, ಅವ್ವ ಇಬ್ಬರೂ ನನ್ನ ಕಡೆ ನೋಡಿದರು. ಇದೊಂದು ನನಗೆ ಗೊತ್ತಿರುವ ಪ್ರಶ್ನೆ. ಸ್ಟ್ರೆಚರಿನ ಪಕ್ಕದಲ್ಲಿ ಬಲಗಾಲೆಳೆದು ನಾಲ್ಕು ಹೆಜ್ಜೆ ನಡೆದು ತೋರಿಸಿದೆ. ಡಾಕ್ಟರು ಗಂಭೀರವಾಗಿ, “ಹಂಗಾರ ಬಲ ಮೊಣಕಾಲಿಂದೂ ಒಂದು ಎಕ್ಸ್‌ರೇ ತಗಸೂಣು” ಅಂದರು. ಫೋಟೋ ಬಂತು. ಬೆಳಕಿಗೆ ಹಿಡಿದು, “ಬಲಗಾಲು ಇದ್ದುದರಾಗ ಛಲೋನ ಐತಲ್ಲ?” ಎಂದು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಮಷೀನು ಹಳೆಯದಿರಬೇಕು ಎಂದುಕೊಂಡೆ.

ಆಮೇಲೆ ಆಯಿಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. “ಈ ಬಾವು ಬರೇ ಕೀಲಿನ್ಯಾಗ ಕುಂದ್ರೂದಿಲ್ರಿ. ರಕ್ತದಾಗ ತಿರಗತದ, ಎಲುಬಿನ ಸತ್ವಾನೂ ತಿಂತದ. ಹತ್ತು ವರ್ಷ ಅಂದ್ರ ಭಾಳ ಆತು.”

ಅಪ್ಪ ಫೌಂಡ್ರಿಯಲ್ಲಿ ಎರಕ ಹೊಯ್ಯುವವನು. ಎಕ್ಸ್‌ರೇಯನ್ನೇ ದಿಟ್ಟಿಸುತ್ತ ನಿಂತಿದ್ದ. “ಸಾಹೇಬ್ರ, ನಮ್ಮ ಎರಕದಾಗ ಬ್ಲೋಹೋಲ್ ಬೀಳ್ತಾವ. ಮ್ಯಾಲ ನುಣ್ಣಗ, ಒಳಗ ಪೊಳ್ಳು. ಹಂಗೇನ್ರಿ?”

“ಹಂಗ ಅಂತ ತಿಳೀರಿ.”

ಅಪ್ಪನ ದನಿ ಅಷ್ಟು ಮೆಲ್ಲಗೆ ಇದ್ದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಮತ್ತ ಏನರ ಗುಳಗಿ, ಪುಡಿ ತಗೋತಿದ್ರೇನು?” ಡಾಕ್ಟರು ಕೇಳಿದರು.

“ಒಂದು ಪುಡಿ ಇತ್ರಿ. ನಾ ಬಿಡಿಸಿ ಭಾಳ ದಿನ ಆತು” ಅಂದಳು ಅವ್ವ.

ಸ್ಟ್ರೆಚರಿನ ಮೇಲಿಂದ ಆಯಿಯ ಕೈ ನನ್ನ ಮುಂಗೈ ಹಿಡಿಯಿತು. ಊದಿದ ಬೆರಳುಗಳಲ್ಲಿ ಅಷ್ಟು ಬಿಗಿ ಎಲ್ಲಿಂದ ಬಂತೋ. ನಾನು ತಲೆಯ ಮೇಲಿನ ಫ್ಯಾನನ್ನು ನೋಡುತ್ತ ನಿಂತೆ.

ಆಪರೇಶನ್ ಮೂರನೆಯ ದಿನ ಎಂದಾಯಿತು. ಅಲ್ಲಿಯವರೆಗೆ ಕಾಯುವ ಕೋಣೆ. ಸಿಮೆಂಟಿನ ಬೆಂಚು, ಗೋಡೆಗೆ ಎಣ್ಣೆ ತಲೆಗಳು ಒರಗಿ ಬಿದ್ದ ಸಾಲು ಕಲೆಗಳು, ಊಟದ ಡಬ್ಬಿಗಳ ವಾಸನೆ. ಕಾಂಪೌಂಡರನ ದನಿಯಲ್ಲಿ “ಪೇಶಂಟ್ ಕಡೀವ್ರು ಯಾರ್ರೀ” ಎಂದು ಕೂಗಿ ಇಡೀ ಬೆಂಚನ್ನು ಎಬ್ಬಿಸಿ ಕೂರಿಸಿದೆ. ಎಲ್ಲರೂ ನಕ್ಕರು, ಒಬ್ಬರನ್ನು ಬಿಟ್ಟು. ಖಾನಾಪುರದ ಆಚೆಯ ಹಳ್ಳಿಯವರು, ನಾರಾಯಣ ಮಾಮಾ. ಮರಾಠಿ ಮನೆಮಾತು; ನನ್ನೊಡನೆ ಕನ್ನಡ. ಅವರ ತಾಯಿಗೂ ಇದೇ ಎಲುಬು. ಹಿಂದಿನ ದಿನ ಆಪರೇಶನ್ ಆಗಿತ್ತು.

“ಆಪರೇಶನ್ ಭಾರೀ ಛಲೋ ಆತು ಅಂದ್ರು,” ಅಂದರು ಮಾಮಾ. “ಆಮ್ಯಾಲ ಬಿಪಿ ಇಳೀತು. ಇಳೀತು ಅಂದ್ರ ಇಳದ ಬಿಟ್ಟೈತಿ. ಏನರ ಔಷಧ ತಗೋತಿದ್ರೇನು ಅಂತ ಡಾಕ್ಟರ್ ಮತ್ತ ಮತ್ತ ಕೇಳಾಕತ್ತಾರ. ಏನೂ ಇಲ್ರಿ ಅಂದೆ. ಖಾನಾಪುರ ಬಸ್ ಸ್ಟ್ಯಾಂಡಿಂದೊಂದು ಪುಡಿ ತಿಂತಿದ್ಳು. ಅದು ಗಿಡಮೂಲಿಕಿ. ಅದೇನು ಔಷಧ ಅಲ್ಲಲ್ಲ?”

ಅವರು ನನ್ನನ್ನು ನಿಜವಾಗಿಯೇ ಕೇಳುತ್ತಿದ್ದರು. ಇಬ್ಬರೂ ಹೋಗಿ ಹೇಳೋಣ ಬರ್ರಿ ಎಂದು ಅವರನ್ನು ಎಬ್ಬಿಸಿದೆ. ವರಾಂಡದಲ್ಲಿ ಡಾಕ್ಟರು ಸಿಕ್ಕರು. ಅಪ್ಪ, ಅವ್ವ ಅಲ್ಲೇ ಇದ್ದರು. ಯಾರ ದನಿಯನ್ನೂ ಎರವಲು ಪಡೆಯದೆ ನನ್ನ ದನಿಯಲ್ಲೇ ಹೇಳಿದೆ: ಆಯಿ ಪುಡಿ ಬಿಟ್ಟಿಲ್ಲ, ಎಂಟು ತಿಂಗಳಿಂದ ಎರಡು ಪಟ್ಟು ತಿನ್ನುತ್ತಿದ್ದಾಳೆ, ತಂದುಕೊಟ್ಟವನು ನಾನು. ತಮ್ಮ ತಾಯಿಯದೂ ಅದೇ ಪುಡಿ ಎಂದರು ಮಾಮಾ.

ಅಪ್ಪನ ಕೈ ಮೇಲೆದ್ದು ಅರ್ಧಕ್ಕೇ ನಿಂತಿತು. ಅವ್ವ ಕೂಗಲಿಲ್ಲ. “ನನ್ನ ಮುಂದ ಕುಂತು ಉಣ್ತಿದ್ಯಲ್ಲೋ” ಅಂದಳು, ಅಷ್ಟೇ. ಏಟು ಬಿದ್ದಿದ್ದರೇ ಪಾಡಿತ್ತು.

“ಬೈಯೂದು ಆಮ್ಯಾಲ ಬೈರಿ,” ಅಂದರು ಡಾಕ್ಟರು. ನಾರಾಯಣ ಮಾಮಾನ ತಾಯಿಯ ಕಡೆ ಹೋಗುತ್ತ ನನಗೆ, “ಆ ಪುಡಿಯಾಗ ಏನೈತಿ ಅಂತ ತಿಳಕೊಂಡು ಬಾ” ಎಂದು ಹೇಳಿದರು.

ಖಾನಾಪುರದ ಬಸ್ಸಿನಲ್ಲಿ ಕಂಡಕ್ಟರ್ ಊರಿನ ಹೆಸರನ್ನು ಮೂಗಿನಿಂದ ಎಳೆದ. ಅಂದು ನಗು ಬರಲಿಲ್ಲ. ಪುಡಿಯವನು ತನ್ನ ಗೋಣಿಚೀಲದ ಮೇಲೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಗಿಡಗಳ ಹೆಸರು ಹಾಡುತ್ತ ಕುಳಿತಿದ್ದ.

“ಯಾಕೋ ಮುಖ ಸಪ್ಪಗ? ಆಯಿ ಆರಾಮಲ್ಲ?”

“ಎಲುಬು ಮುರೀತು ಮಾವಾ. ನಿನ್ನ ಪುಡಿಯಾಗ ಏನು ಹಾಕ್ತಿ?”

“ಡೋಂಗರದ ಬೇರು, ಗುಡ್ಡದ್ದು. ದೇವರಾಣಿ. ಎಲುಬಿಗೆ ಇದಕ್ಕಿಂತ ಗಟ್ಟಿ ಮತ್ತೊಂದಿಲ್ಲ. ಮೂರು ಪಟ್ಟು ಕೊಡು ನೋಡು.”

ಹಿಂದೆ ಅವನ ಹೆಂಡತಿ ಖಲಬತ್ತಿನಲ್ಲಿ ಬೇರು ಕುಟ್ಟುತ್ತಿದ್ದಳು. ಆಕೆಯ ಮೊಣಕಾಲಿನ ಬಳಿ ಚೀಲದ ಅಂಚಿನಡಿ ಏನೋ ಬೆಳ್ಳಗೆ ಮಿನುಗಿತು. ನೀರು ಕೇಳಿದೆ. ಆಕೆ ತಂಬಿಗೆಗೆ ಹೊರಳಿದಾಗ ಕೈಹಾಕಿ ಎತ್ತಿಕೊಂಡೆ: ಗುಳಿಗೆ ಬಿಚ್ಚಿ ಬಿಸಾಕಿದ ಖಾಲಿ ಹಾಳೆ. ಡೋಂಗರದ ಬೇರಿಗೆ ಕಂಪನಿಯ ಮುದ್ರೆ.

ಡಾಕ್ಟರು ಅದನ್ನು ಓದಿ ಕನ್ನಡಕ ತೆಗೆದವರು ಬಹಳ ಹೊತ್ತು ಹಾಕಿಕೊಳ್ಳಲಿಲ್ಲ. “ಸ್ಟೀರಾಯ್ಡ್. ಬಾವು ಇಳಸ್ತದ, ಖರೇ. ನಾವೂ ಕೊಡ್ತೀವಿ, ಅಳತಿ ಮಾಡಿ. ಹಿಂಗ ಮುಕ್ಕಿದ್ರ ಎಲುಬನ್ನೂ ಇಳಸ್ತದ. ಬಾವು ಒಂದ ಕಡಿಂದ ತಿಂತು, ಪುಡಿ ಇನ್ನೊಂದ ಕಡಿಂದ. ಮತ್ತ ಇದನ್ನ ಧಡಕ್ಕನ ಬಿಟ್ರ ಆಪರೇಶನ್ನಿನಾಗ ಮೈಗೆ ತಡಕೊಳ್ಳೂ ಶಕ್ತಿ ಇರೂದಿಲ್ಲ. ಈಗ ಗೊತ್ತಾತಲ್ಲ, ಇಂಜೆಕ್ಷನ್ ಕೊಟ್ಟು ತಯಾರಿ ಮಾಡ್ಕೋತೀವಿ.”

ಆಯಿಗೆ ಸುದ್ದಿ ಮುಟ್ಟಿತ್ತು. ನಾನು ಹಾಸಿಗೆಯ ಬಳಿ ಹೋದರೆ ಗೋಡೆಯ ಕಡೆ ಮುಖ ಮಾಡಿದಳು. “ಮಾತು ಕೊಟ್ಟಿದ್ದಿ” ಅಂದಳು. ಆಕೆ ಹೀಗೆಯೇ ಒಳಗೆ ಹೋಗಿ ಹೊರಗೆ ಬರದಿದ್ದರೆ ನನ್ನ ಪಾಲಿಗೆ ಆ ಎರಡು ಶಬ್ದಗಳೇ ಉಳಿಯುತ್ತವಲ್ಲ ಎಂಬ ಭಯಕ್ಕೆ ಅಲ್ಲೇ ಹಾಸಿಗೆಯ ಕಾಲ ಬಳಿ ಕುಳಿತುಬಿಟ್ಟೆ.

ಆಪರೇಶನ್ ದಿನ ಇನ್ನೊಂದು ಅಡ್ಡಿ. ಮೈಮೇಲೆ ಏನೂ ಇರಬಾರದು ಎಂದು ಸಿಸ್ಟರ್ ಬಂದಳು. ಬಳೆ, ಬುಗುಡಿ ಎಲ್ಲ ಹೋಯಿತು. ಕೊರಳ ಬೆಳ್ಳಿ ಕರಡಿಗೆಯಲ್ಲಿದ್ದ ಲಿಂಗಕ್ಕೆ ಬಂದಾಗ ಆಯಿ ಎರಡೂ ಕೈ ಎದೆಗೆ ಒತ್ತಿಕೊಂಡಳು. “ಜೀವ ಇರೂತನಕ ಇದು ಮೈಬಿಟ್ಟು ಇಳಿಯೂದಿಲ್ಲ ಯವ್ವಾ. ಇದನ್ನ ಇಳಸ್ತೀರಂದ್ರ ನನ್ನೂ ಗಾಡಿಯಿಂದ ಇಳಸ್ರಿ.”

ಅಪ್ಪ ಬೇಡಿಕೊಂಡ, ಅವ್ವ ಬೇಡಿಕೊಂಡಳು. ಗೋವಾ ಕಡೆಯ ಹುಡುಗಿ ಆ ಸಿಸ್ಟರ್, ಕೊರಳಲ್ಲಿ ಸಣ್ಣ ಶಿಲುಬೆ. ಸ್ವಲ್ಪ ಹೊತ್ತು ನಿಂತು ನೋಡಿದಳು. ಡಾಕ್ಟರನ್ನು ಕೇಳಿ ಬಂದು, ಬೆಳ್ಳಿಯದನ್ನಷ್ಟೇ ಬಿಚ್ಚಿ ಅವ್ವನ ಕೈಗೆ ಕೊಟ್ಟು, ಲಿಂಗವನ್ನು ಹೊಸ ಬ್ಯಾಂಡೇಜಿನಲ್ಲಿ ಸುತ್ತಿ ಆಯಿಯ ಬಲತೋಳಿಗೆ ಕಟ್ಟಿದಳು. “ಅಜ್ಜಿ, ದೇವರು ಬಿಗಿ ಐತಿ?” ಎಂದು ತನ್ನ ಹರಕು ಕನ್ನಡದಲ್ಲಿ ಕೇಳಿದಳು.

“ನಿನ್ನ ಹೊಟ್ಟಿ ತಣ್ಣಗಿರಲಿ” ಅಂದಳು ಆಯಿ. ನನ್ನ ಕಡೆ ನೋಡಲಿಲ್ಲ. ಬಾಗಿಲು ಮುಚ್ಚಿತು.

ಆ ಮೂರು ತಾಸು ಬೆಂಚಿನ ಮೇಲೆ ಯಾರೂ ನನ್ನನ್ನು ನಕಲಿ ಮಾಡು ಎಂದು ಕೇಳಲಿಲ್ಲ. ನಾರಾಯಣ ಮಾಮಾ ಬಂದರು. ಕೈಯಲ್ಲಿ ಹೊಸ ವಾಕರ್. ಹಿಡಿಕೆಯ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. ಅವರ ತಾಯಿ ಮುಂಜಾನೆ ಹೋಗಿಬಿಟ್ಟಿದ್ದರು. ಪುಡಿಯಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. “ನಿಮ್ಮ ಆಯಿ ನಡೀಲಿ” ಎಂದು ವಾಕರ್ ನನ್ನ ಮುಂದೆ ಇಟ್ಟು, ತಾಯಿಯ ಚಪ್ಪಲಿಗಳಿದ್ದ ಕೈಚೀಲ ಬಗಲಿಗೆ ಹಾಕಿಕೊಂಡು ಹೋದರು. ನಾನು ಒಂದು ದಿನ ಮೊದಲು ಬಾಯಿ ಬಿಟ್ಟಿದ್ದರೆ ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ. ನಾನು ಕೇಳಿಕೊಳ್ಳುತ್ತಲೇ ಇದ್ದೇನೆ.

ಆಯಿ ಬದುಕಿ ಹೊರಗೆ ಬಂದಳು. ಬಂದವಳಿಗೆ ನಾಲ್ಕು ದಿನ ನಾವು ಯಾರೂ ಗೊತ್ತಾಗಲಿಲ್ಲ. ನನ್ನನ್ನು ಎಂದೋ ತೀರಿಹೋದ ತನ್ನ ತಮ್ಮನ ಹೆಸರಿನಿಂದ ಕರೆದು, ಎಮ್ಮೆಗಳಿಗೆ ನೀರು ಕುಡಿಸಿದೆಯಾ ಎಂದು ಕೇಳುತ್ತಿದ್ದಳು. ಕುಡಿಸಿದೆ ಅಕ್ಕಾ ಎನ್ನುತ್ತಿದ್ದೆ. ನಾನು ಎಂದೂ ನೋಡದ ಮನುಷ್ಯನ ನಕಲಿ ಅದೊಂದೇ. ಐದನೆಯ ದಿನ ತಿಳಿವು ಬಂತು, ಜೊತೆಗೆ ನನ್ನ ಮೇಲಿನ ಮುನಿಸೂ ಬಂತು. ಮೊದಲ ಬಾರಿ ನಿಲ್ಲಿಸಿದಾಗ ಆಕೆ ಕೂಗಿದ ಕೂಗಿಗೆ ಅಪ್ಪ ಹೊರಗೆ ಹೋಗಿ ನಿಂತ.

ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಆಕೆಯ ಬೆಡ್‌ಪ್ಯಾನ್ ಎತ್ತುವುದು, ಬೆನ್ನಿಗೆ ಪುಡಿ ಹಚ್ಚುವುದು (ಈ ಪುಡಿ ಪೌಡರು, ಗಾಬರಿಯಾಗಬೇಡಿ), ಕಾಲು ಮಡಿಸಿ ಬಿಡಿಸುವುದು ನನ್ನ ಕೆಲಸವಾಯಿತು. ಮಾತು ಮಾತ್ರ ಬೇಕಾದಷ್ಟೇ: “ನೀರು.” “ಸಾಕು.” “ಕಿಡಕಿ ತಗಿ.” ಕೀಲುಬಾವಿನ ಬೇರೆ ಡಾಕ್ಟರು ವಾರಕ್ಕೊಮ್ಮೆ ತೆಗೆದುಕೊಳ್ಳುವ ಗುಳಿಗೆ ಕೊಟ್ಟರು, ಸ್ಟೀರಾಯ್ಡನ್ನು ಕಾಲು ಕಾಲು ಗುಳಿಗೆಯಾಗಿ ಇಳಿಸಿದರು. ಬಾವು ಹೋಗಲಿಲ್ಲ, ತಗ್ಗಿತು. ಮುಖದ ದುಂಡು ಇಳಿಯಿತು. ಗಲ್ಲಿಯವರು ಈಗ “ನೀಲವ್ವ ಸೊರಗಿದಳು” ಎಂದು ಮರುಗಿದರು. ಮನೆಯ ಹಿರಿಯರ ಮುಖ ಸುಮ್ಮನೆ ದುಂಡಗಾದರೆ ಹೊಗಳುವ ಮುನ್ನ ಒಮ್ಮೆ ಡಾಕ್ಟರಿಗೆ ತೋರಿಸಿ; ಇದೊಂದೇ ಉಪದೇಶ, ಇನ್ನು ಮಾಡುವುದಿಲ್ಲ.

ಗಣಪತಿ ಮತ್ತೆ ಬಂದ. ಗಲ್ಲಿಯ ಗೆಳೆಯರು ಮನೆಗೆ ಬಂದು ಕರೆದರು. ನಾನು ನಕಲಿ ಬಿಟ್ಟಿದ್ದೇನೆ ಎಂದು ಹೇಳಿ ಕಳಿಸಿದೆ. ಆಯಿ ಅಂಗಳದಲ್ಲಿ ವಾಕರ್ ಹಿಡಿದು ನಿಂತಿದ್ದಳು. ನಾನು ಬೀಳದಂತೆ ಹಿಂದೆ ನಿಂತಿದ್ದೆ.

“ಯಾಕ ಬಿಟ್ಟಿ?” ಎಂದಳು, ತಿರುಗದೆ. ಬೇಡಿಕೆ ಅಲ್ಲದ ಮೊದಲ ಮಾತು.

ಆಗ ಎಲ್ಲ ಹೊರಗೆ ಬಂತು. “ನನ್ನಿಂದನ ಆತು ಆಯಿ. ಮಂದಿ ಮುಂದ ನಿನ್ನ ನಡಿಗಿ ಮಾಡಿದೆ. ನಿನಗ ನಾಚಿಕಿ ಆತು. ನೆಟ್ಟಗ ನಡೀಬೇಕಂತ ಎರಡು ಪಟ್ಟು ಪುಡಿ ತಿಂದಿ. ಎಲುಬು ಮುರೀತು.”

“ಎರಡು ಪಟ್ಟು ನೋವಿತ್ತು, ಎರಡು ಪಟ್ಟು ತಿಂದೆ. ಅದರಾಗ ನಿಂದೇನು?”

“ಸುಳ್ಳು ಹೇಳಬ್ಯಾಡ. ನಿನ್ನ ನಡಿಗಿ ಮಾಡಿದ್ದಕ್ಕ...” ಕಣ್ಣು ಒರೆಸಿಕೊಳ್ಳುತ್ತ ಆಕೆಯ ಹಿಂದೆ ನಿಂತಿದ್ದೆ.

ಆಯಿ ವಾಕರ್ ಸಮೇತ ನಿಧಾನವಾಗಿ, ನಾಲ್ಕು ಸಣ್ಣ ಹೆಜ್ಜೆಗಳಲ್ಲಿ, ನನ್ನ ಕಡೆ ಹೊರಳಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ನನ್ನ ಕಾಲು.

“ಹುಚ್ಚಪ್ಯಾ, ಅದು ನನ್ನ ನಡಿಗಿ ಅಂತ ನಿನಗ ಯಾರು ಹೇಳಿದ್ರು? ನನಗ ಮೊದಲಿಂದ ಕೆಟ್ಟದ್ದು ಎಡಗಾಲು. ನೀ ಎದುರಿಗೆ ನಿಂತು ಕಲತಿ, ಹತ್ತು ವರ್ಷದಿಂದ ಬಲಗಾಲು ಎಳಿಯಾಕತ್ತಿ. ಮೊದಲ ನಕಲಿ ಮಾಡೂದು ನೆಟ್ಟಗ ಕಲಿ, ಆಮ್ಯಾಲ ಅಳೂವಂತಿ.”